ಬಿಸಿನೀರೂ ಕಾಲುಂಗುರವೂ

ಡಿಸೆಂಬರ್ ೭, ರವಿವಾರ

ಬೀಜದ ಕಂಪನಿಯವರು ಜನವರಿಯಲ್ಲಿ ಕೊಟ್ಟ ಡೈರಿ ಅಂಗಡಿಯ ಗಲ್ಲಾದ ಕೆಳಗೆ ಖಾಲಿ ಬಿದ್ದಿತ್ತು. ಇಷ್ಟು ದಿನ ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಈಗ ನಡೆದಿದೆ. ನನ್ನ ಮದುವೆಯಾಗಿದೆ.

ನಲವತ್ತೆರಡಕ್ಕೆ ಮದುವೆಯಾದವನಿಗೆ ಒಂದು ತೊಂದರೆ ಇದೆ. ಓರಗೆಯವರ ಮಕ್ಕಳೆಲ್ಲ ಹೈಸ್ಕೂಲು ಸೇರಿದ್ದಾರೆ. ಹೆಂಡತಿಯ ಜೊತೆ ಏನು ಮಾತಾಡಬೇಕು ಎಂದು ಈಗ ಯಾರನ್ನು ಕೇಳುವುದು? ಕೇಳಿದರೆ ಹಿರೇಕೆರೂರಿನ ಬಸ್ ಸ್ಟ್ಯಾಂಡಿನವರೆಗೂ ನಗು ಹೋಗುತ್ತದೆ. ಡೈರಿ ನಗುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಸುಧಾರಾಣಿಯವರು ರಟ್ಟೀಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ತವರು ಸವಣೂರು. ನೋಡಲು ಹೋದಾಗ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಮದುವೆಯಾದ ಮೇಲೆ ನೌಕರಿ ಬಿಡಬೇಕಾಗುತ್ತದೆಯೇ? ಆ ಮಾತಿಗೇ ಎಷ್ಟೋ ವರಗಳನ್ನು ವಾಪಸು ಕಳಿಸಿದವರು. ನಾನು ‘ನೋಡೂಣ್ರಿ’ ಎಂದೆ. ಇತ್ತ ಮನೆಯಲ್ಲಿ ನನ್ನ ಅಕ್ಕ ದಾನವ್ವ, ಮದುವೆಯಾದ ಮೇಲೆ ಆಕೆ ನೌಕರಿ ಬಿಡುತ್ತಾಳಲ್ಲ ಎಂದು ಕೇಳಿದ್ದಳು. ಅದಕ್ಕೂ ‘ನೋಡೂಣು’ ಎಂದಿದ್ದೆ. ಇಬ್ಬರೂ ತಮಗೆ ಬೇಕಾದ ಉತ್ತರ ಸಿಕ್ಕಿತೆಂದು ತಿಳಿದು ಅಕ್ಷತೆಗೆ ಒಪ್ಪಿದರು. ಈಗ ನಾನು ಒಂದೇ ಮನೆಯಲ್ಲಿ ಎರಡು ಉತ್ತರಗಳ ನಡುವೆ ಊಟಕ್ಕೆ ಕೂಡುತ್ತೇನೆ.

ಅಕ್ಕನನ್ನು ದೂರುವಂತಿಲ್ಲ. ಅವ್ವ ತೀರಿಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಮನೆಯ ಬೀಗದ ಕೈ, ಬೀಜದ ಅಂಗಡಿಯ ಬೀಗದ ಕೈ, ನನ್ನ ಮಾತು, ಮೂರೂ ಅವಳ ಸೆರಗಿನಲ್ಲಿವೆ.

ಇವತ್ತು ಸುಧಾರಾಣಿಯವರಿಗೆ ಚಹಾ ಕೊಟ್ಟು ‘ಕುಂದರ್ರಿ, ತಗೋರಿ, ಸಕ್ರಿ ಸಾಕೇನ್ರಿ’ ಎಂದೆ. ಅವರು ಕಪ್ಪು ಹಿಡಿದುಕೊಂಡು ನನ್ನನ್ನೇ ನೋಡಿದರು.

“ಇಷ್ಟು ‘ರಿ’ ಹಚ್ಚಬ್ಯಾಡ್ರಿ. ಹತ್ತಿ ಬೀಜ ಒಯ್ಯಾಕ ಬಂದ ಗಿರಾಕಿ ಅಲ್ಲ ನಾನು.”

ಸಿಟ್ಟೋ ಚೇಷ್ಟೆಯೋ ತಿಳಿಯಲಿಲ್ಲ.

ಡಿಸೆಂಬರ್ ೧೨, ಶುಕ್ರವಾರ

ಎಲ್ಲಿಗಾದರೂ ಹೋಗಿಬನ್ನಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ನಾನು ಗೋವಾ, ಊಟಿ ಎಂದು ಎರಡು ಹೆಸರು ಸಿದ್ಧಮಾಡಿಕೊಂಡು ಸುಧಾರಾಣಿಯವರನ್ನು ಕೇಳಿದೆ. ಅವರು ತಡಮಾಡದೆ, ಬಿಸಿನೀರಿನ ಬುಗ್ಗೆ ನೋಡಬೇಕು ಎಂದರು.

ನಮ್ಮ ಮನೆಯಲ್ಲಿ ಗೀಸರ್ ಇದೆ ಎಂದೆ. ಈಗ ಬರೆಯುವಾಗ ಅದು ಹೇಳುವ ಮಾತಾಗಿರಲಿಲ್ಲ ಎಂದು ಅನಿಸುತ್ತಿದೆ.

ಸಂಗತಿ ಇಷ್ಟು. ಅವರು ಪ್ರತಿ ವರ್ಷ ಹಲಗೆಯ ಮೇಲೆ ಬಿಸಿನೀರಿನ ಬುಗ್ಗೆಯ ಚಿತ್ರ ಬರೆಯುತ್ತಾರಂತೆ. ಕೆಳಗೆ ಕಾದ ಬಂಡೆ, ನಡುವೆ ಬಿರುಕು, ಮೇಲಕ್ಕೆ ಬಾಣದ ಗುರುತು. ಪ್ರತಿ ವರ್ಷ ಯಾರಾದರೊಬ್ಬ ಹುಡುಗಿ, ಮೇಡಮ್ ನೀವು ನೋಡೀರೇನ್ರಿ ಎನ್ನುತ್ತಾಳೆ. ಇಲ್ಲ ಎಂದು ಹೇಳಿ ಹೇಳಿ ಬೇಸತ್ತಿದ್ದಾರೆ. ಮುಂಬೈ ಹತ್ತಿರ ವಜ್ರೇಶ್ವರಿ ಎಂಬಲ್ಲಿ ತಾನ್ಸಾ ಹೊಳೆಯ ಕಣಿವೆಯುದ್ದಕ್ಕೂ ಬುಗ್ಗೆಗಳಿವೆ, ರೈಲು ಹತ್ತಿ ಕಲ್ಯಾಣದಲ್ಲಿ ಇಳಿದರಾಯಿತು ಎಂದು ಎಲ್ಲವನ್ನೂ ತಿಳಿದುಕೊಂಡೇ ಇದ್ದರು.

ಅಕ್ಕನಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಬಿಸಿನೀರು ಬೇಕಿದ್ದರೆ ಹಂಡೆಯಲ್ಲಿ ಕಾಸಿ ಕೊಡುತ್ತಿದ್ದೆ, ಅದಕ್ಕೆ ಮುಂಬೈ ಯಾಕೆ ಎಂದಳು.

ಗೀಸರಿನ ಮಾತು ನಮ್ಮ ಮನೆತನದಲ್ಲೇ ಇದೆ.

ಡಿಸೆಂಬರ್ ೨೦, ಶನಿವಾರ

ಅಕ್ಕ ಮೂರು ದಿನದಿಂದ ಕೇಳುತ್ತಿದ್ದಾಳೆ: ಟೀಚರವ್ವ ರಾಜೀನಾಮೆ ಯಾವಾಗ ಕೊಡತಾಳ? ಸುಧಾರಾಣಿಯವರು ಎರಡು ದಿನದಿಂದ ಕೇಳುತ್ತಿದ್ದಾರೆ: ಅಕ್ಕಾರಿಗೆ ನೀವು ಹೇಳೀರಲ್ಲ?

ಅಂಗಡಿಯಲ್ಲಿ ಸ್ಟಾಕ್ ನೋಡುವ ನೆಪ ಮಾಡಿ ತಡವಾಗಿ ಮನೆಗೆ ಬಂದೆ.

ಡಿಸೆಂಬರ್ ೨೪, ಬುಧವಾರ, ರೈಲಿನಲ್ಲಿ

ಅಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಕಂಬಳಿ ಕಟ್ಟಿಕೊಟ್ಟಿದ್ದಾಳೆ. ಸುಧಾರಾಣಿ ಸವಣೂರಿನ ಕುರುಕಲು ಖಾರದ ಪೊಟ್ಟಣ ತಂದಿದ್ದಾರೆ. ಎದುರಿನ ಸೀಟಿನಲ್ಲಿ ಶಿಗ್ಗಾವಿಯ ಗುಲ್ನಾರ ಎಂಬ ಹಿರಿಯ ಹೆಂಗಸು, ಕಲ್ಯಾಣದ ಮಗಳ ಮನೆಗೆ ಹೊರಟವರು. ನಮ್ಮಿಬ್ಬರ ಮಾತು ಸ್ವಲ್ಪ ಹೊತ್ತು ಕೇಳಿಸಿಕೊಂಡು, ನೀವಿಬ್ಬರೂ ಮಾಸ್ತರಿಕೆಯವರೇ, ಟ್ರೇನಿಂಗಿಗೆ ಹೊರಟಿದ್ದೀರಾ ಎಂದು ಕೇಳಿದರು.

ಹೌದ್ರಿ, ಇವರಿಗೆ ಇದು ಮೊದಲನೇ ಟ್ರೇನಿಂಗ್ ಎಂದು ಸುಧಾರಾಣಿ ಹೇಳಿದರು. ಪಾಸಾಗುವುದು ಕಷ್ಟವಿದೆ ಎಂದೂ ಸೇರಿಸಿದರು.

ಆಮೇಲೆ ನಿಜ ತಿಳಿದು ಗುಲ್ನಾರ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅರ್ಧ ಖಾರ ಅವರಿಗೇ ಹೋಯಿತು. ನಾನು ಕಿಟಕಿಯಲ್ಲಿ ನೋಡುತ್ತ ಕೂತೆ. ಆದರೂ ಆ ಹೆಂಗಸು ನಕ್ಕಾಗ ನನಗೂ ನಗು ಬಂದದ್ದು ನಿಜ.

ಡಿಸೆಂಬರ್ ೨೫, ಗುರುವಾರ, ವಜ್ರೇಶ್ವರಿ

ಮುಟ್ಟಿದೆವು. ಬಸ್ಸಿನಲ್ಲಿ ಮೈಕೈ ಹಣ್ಣಾಯಿತು. ಊರು ಸಣ್ಣದು. ಗುಡ್ಡದ ಮೇಲೆ ಕೋಟೆಯಂತೆ ಕಾಣುವ ದೇವಿಯ ಗುಡಿ, ಮೆಟ್ಟಿಲುಗಳ ಕೆಳಗೆ ತೆಂಗಿನಕಾಯಿ, ಬಳೆ, ಪೇಡೆಯ ಅಂಗಡಿಗಳು. ಎಲ್ಲಿ ನೋಡಿದರೂ ಮಂಡಿಗೆ ಪಟ್ಟಿ ಕಟ್ಟಿಕೊಂಡವರು. ಲಾಡ್ಜಿನವನು ನಮ್ಮಿಬ್ಬರಲ್ಲಿ ಯಾರಿಗೆ ಮಂಡಿನೋವು ಎಂದು ವಿಚಾರಿಸಿದ. ಸುಧಾರಾಣಿ ನನ್ನ ಕಡೆ ಕೈ ಮಾಡಿ, ಇವರಿಗೆ ನಾಲಿಗೆ ನೋವು, ಈ ನೀರಿಗೆ ಅದೂ ಇಳಿಯುತ್ತದೆಯೇ ಎಂದು ಹರಕುಮುರುಕು ಹಿಂದಿಯಲ್ಲಿ ಕೇಳಿದಳು.

ಡಿಸೆಂಬರ್ ೨೬, ಶುಕ್ರವಾರ

ಇವತ್ತಿನದು ಎಷ್ಟು ಬರೆದರೂ ಮುಗಿಯುವುದಿಲ್ಲ. ಆದರೂ ಬರೆಯುತ್ತೇನೆ. ಸುಧಾರಾಣಿ ಗುಡಿಯ ಕಡೆ ಬಳೆ ನೋಡಲು ಹೋಗಿದ್ದಾಳೆ.

ಬೆಳಿಗ್ಗೆ ರಿಕ್ಷಾ ಹಿಡಿದು ಗಣೇಶಪುರಿಗೆ ಹೋದೆವು. ಈಶ್ವರನ ಗುಡಿಯ ಪಕ್ಕದಲ್ಲಿ ಕಲ್ಲು ಕಟ್ಟಿದ ಕುಂಡಗಳು, ಮೇಲೆ ತೆಳ್ಳಗಿನ ಹಬೆ. ಚಳಿಯಲ್ಲಿ ಜನ ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿಕೊಂಡು ಕೂತಿದ್ದರು, ಬೇಯಲು ಇಟ್ಟ ಗೆಣಸಿನ ಹಾಗೆ. ಹತ್ತಿರ ಹೋದಂತೆ ಒಂದು ವಾಸನೆ ಬಂತು. ಅದು ನನಗೆ ತೀರ ಪರಿಚಯದ್ದು.

“ಇದು ನಮ್ಮ ಅಂಗಡಿ ವಾಸನಿ. ಗಂಧಕ. ಮೆಣಸಿನ ಗಿಡಕ್ಕ ಬೂದಿರೋಗ ಬಂದ್ರ ಇದನ್ನ ಕೊಡತೇವಿ.”

ಸುಧಾರಾಣಿ ತಿರುಗಿ ನನ್ನನ್ನು ನೋಡಿದ ರೀತಿ ಬೇರೆ ಇತ್ತು. ಇಷ್ಟು ಉದ್ದದ ಮಾತು ನಿಮ್ಮ ಬಾಯಿಂದ ಬಂದದ್ದು ಇದೇ ಮೊದಲು, ಈ ನೀರಿಗೆ ಶಕ್ತಿ ಇರುವುದು ನಿಜ ಎಂದಳು.

ಅವಳು ಬುಗ್ಗೆಯ ಅಂಚಿಗೆ ಹೋಗಿ ನಿಂತಳು. ನೀರು ನೆಲದಿಂದ ಗುಳುಗುಳು ಗುಳ್ಳೆ ಬಿಡುತ್ತ ಏಳುತ್ತಿತ್ತು. ಅವಳು ಕೈಯಿಂದ ಗಾಳಿಯಲ್ಲಿ ಒಂದು ಗೆರೆ ಎಳೆದಳು, ಕೆಳಗಿನಿಂದ ಮೇಲಕ್ಕೆ. ಹಲಗೆಯ ಮೇಲೆ ಎಳೆಯುವ ಬಾಣವಿರಬೇಕು. ಅಲ್ಲಿ ನಿಂತಿದ್ದ ಒಬ್ಬ ಮರಾಠಿ ಅಜ್ಜಿ, ದೇವಿ ಕೊಂದ ರಾಕ್ಷಸರ ರಕ್ತವೇ ಹೀಗೆ ಕುದಿಯುತ್ತಿದೆ ಎಂದು ಹಿಂದಿಯಲ್ಲಿ ಕಥೆ ಹೇಳಿದಳು. ಸುಧಾರಾಣಿ ಪೂರ್ತಿ ಕೇಳಿದಳು. ಆಮೇಲೆ ನನಗೆ ಮೆಲ್ಲಗೆ ತನ್ನ ಪಾಠ ಹೇಳಿದಳು: ಮಳೆಯ ನೀರು ಬಿರುಕು ಹಿಡಿದು ಭಾಳ ಆಳಕ್ಕೆ ಇಳಿಯುತ್ತದೆ, ಅಲ್ಲಿ ಕಾಯುತ್ತದೆ, ಇನ್ನೊಂದು ದಾರಿ ಹುಡುಕಿಕೊಂಡು ಮೇಲೆ ಬರುತ್ತದೆ.

“ಒಳಗ ಇಳಿದದ್ದು ಒಂದಿಲ್ಲ ಒಂದು ದಿನ ಮ್ಯಾಲ ಬರಬೇಕಲ್ಲ,” ಎಂದು ನನ್ನ ಮುಖ ನೋಡಿದಳು. ನಾನು ನೀರು ನೋಡಿದೆ.

ಹೆಂಗಸರ ಕುಂಡದಿಂದ ಅವಳು ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ಕಾಲು ಮುಂದೆ ಚಾಚಿ ನೋಡಿ ಅಂದಳು. ಮದುವೆಯಲ್ಲಿ ಹಾಕಿದ ಬೆಳ್ಳಿಯ ಕಾಲುಂಗುರ ಕರ್ರಗೆ ಕಾವಲಿಯ ಬಣ್ಣಕ್ಕೆ ತಿರುಗಿದ್ದವು.

ಅವಳಿಗೆ ಹಿಡಿಸಲಾರದಷ್ಟು ಖುಷಿ. ಗಂಧಕಕ್ಕೂ ಬೆಳ್ಳಿಗೂ ಆಗುವುದಿಲ್ಲ, ಓದಿದ್ದು ಕಣ್ಣಾರೆ ಕಂಡೆ ಎಂದು ಹತ್ತು ಕಡೆಯಿಂದ ಫೋಟೋ ತೆಗೆದಳು. ನನಗೆ ಮಾತ್ರ ಅಕ್ಕನ ನೆನಪಾಯಿತು. ಗಂಧಕ ನನಗೂ ಗೊತ್ತು, ಮೂಟೆಗಟ್ಟಲೆ ಮಾರಿದವನು. ಆದರೆ ತಿಂಗಳು ತುಂಬದ ಮದುಮಗಳ ಕಾಲುಂಗುರ ಕಪ್ಪಾದರೆ ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಅರ್ಥವಿದೆ, ಅಪಶಕುನ. ಸಂಜೆಯೊಳಗೆ ಅಕ್ಕನ ಫೋನು ಬರುತ್ತದೆ, ಬಂದರೆ ವಿಡಿಯೋ ಕಾಲೇ.

ಹಲ್ಲುಪುಡಿ ತಂದೆ. ಬಿಚ್ಚಿ ಕೊಡಿ ಎಂದೆ. ಬಿಚ್ಚುವುದಿಲ್ಲ, ಮದುಮಗಳು ಬಿಚ್ಚಬಾರದೆಂದು ನಿಮ್ಮ ಅಕ್ಕಾರೇ ಹೇಳಿದ್ದಾರೆ, ಬೇಕಿದ್ದರೆ ಹೀಗೇ ತಿಕ್ಕಿ ಎಂದು ಕಟ್ಟೆಯ ಮೇಲೆ ಕೂತು ಕಾಲು ಚಾಚಿದಳು. ಹಾಗಾಗಿ ಹಿರೇಕೆರೂರಿನ ಬೀಜದ ವ್ಯಾಪಾರಿ ರುದ್ರೇಶ ಎಂಬವನು ಪರಸ್ಥಳದಲ್ಲಿ, ಹಗಲು ಹೊತ್ತಿನಲ್ಲಿ, ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಹೆಂಡತಿಯ ಕಾಲ್ಬೆರಳು ಹಿಡಿದು ಹಲ್ಲುಪುಡಿಯಿಂದ ತಿಕ್ಕಿದನು. ಆ ಮರಾಠಿ ಅಜ್ಜಿ ತನ್ನ ಜೊತೆಯವರನ್ನೆಲ್ಲ ಕರೆದು ತೋರಿಸಿದಳು. ಗಂಡನೆಂದರೆ ಹೀಗಿರಬೇಕು ಎಂದು ಅವಳು ಮರಾಠಿಯಲ್ಲಿ ಹೇಳಿದ್ದು ನನಗೆ ಅರ್ಥವಾಯಿತು. ಏನಂದರು ಎಂದು ಸುಧಾ ಕೇಳಿದಾಗ, ಚಳಿ ಭಾಳ ಅಂದರು ಎಂದೆ.

ತಿಕ್ಕುವಾಗ ಅವಳು ಕೇಳಿದಳು, ಈ ಸಲ ನಗದೆ.

“ನನ್ನ ನೌಕರಿ ವಿಚಾರ ನಿಮ್ಮ ಅಕ್ಕಾರಿಗೆ ಏನು ಬೇಕು ಅನ್ನೂದು ಗೊತ್ತಾತು. ನನಗೇನು ಬೇಕು ಅದೂ ಗೊತ್ತೈತಿ. ನಿಮಗೇನು ಬೇಕು?”

ಬೆರಳು ನೋಡುತ್ತ ಮಾತಾಡುವುದು ಮುಖ ನೋಡುತ್ತ ಮಾತಾಡುವುದಕ್ಕಿಂತ ಸುಲಭ. ಸಂಜೆ ಅವಳು ಬಸ್ಸಿಳಿದು ಬಂದು ಆ ದಿನ ಯಾವ ಹುಡುಗಿ ಏನು ಕೇಳಿದಳು, ಯಾರು ನಕಾಶೆಯಲ್ಲಿ ಅರಬ್ಬಿ ಸಮುದ್ರವನ್ನು ಹಾನಗಲ್ಲಿನ ಹತ್ತಿರ ಗುರುತಿಸಿದರು ಎಂದು ಹೇಳುವ ಹೊತ್ತಿಗಾಗಿ ನಾನು ಮಧ್ಯಾಹ್ನದಿಂದಲೇ ಅಂಗಡಿಯಲ್ಲಿ ಗಡಿಯಾರ ನೋಡುತ್ತೇನೆ ಎಂದು ಹೇಳಿದೆ. ಶಾಲೆ ಬಿಟ್ಟರೆ ಅದು ನಿಂತುಹೋಗುತ್ತದೆ. ನನಗೆ ಅದು ನಿಲ್ಲುವುದು ಬೇಡ.

ಅವಳು ಇನ್ನೊಂದು ಕಾಲು ಮುಂದೆ ಚಾಚಿದಳು.

ಮಧ್ಯಾಹ್ನ ಅಕ್ಲೋಲಿಯ ಹತ್ತಿರ ಹೊಳೆಗೆ ಇಳಿದೆವು. ಅಲ್ಲಿ ಹೊಳೆಯ ಪಾತ್ರದಲ್ಲೇ ಕಲ್ಲಿನ ಸಂದಿಯಿಂದ ಬಿಸಿನೀರು ಜಿನುಗುತ್ತದೆ. ಒಂದು ಕಾಲು ಇಟ್ಟಲ್ಲಿ ತಣ್ಣಗೆ, ಇನ್ನೊಂದು ಇಟ್ಟಲ್ಲಿ ಸುಡುಸುಡು. ಇಬ್ಬರೂ ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟು ಎರಡೂ ನೀರು ಸೇರುವ ಹದವಾದ ಜಾಗ ಹುಡುಕಿದೆವು. ಸಿಕ್ಕಿತು. ಅಷ್ಟರಲ್ಲಿ ಅಕ್ಕನ ವಿಡಿಯೋ ಕಾಲ್ ಬಂತು.

ಅಕ್ಕ ವಿಡಿಯೋದಲ್ಲಿ ಯಾವಾಗಲೂ ಹಣೆಯೊಂದೇ ಕಾಣುವಂತೆ ಹಿಡಿಯುತ್ತಾಳೆ. ಆ ಹಣೆ ನನ್ನನ್ನು ಊಟದ ಬಗ್ಗೆ, ಕಂಬಳಿಯ ಬಗ್ಗೆ ವಿಚಾರಿಸಿ, ಎಲ್ಲಿ ನಿಮ್ಮ ಬುಗ್ಗೆ ತೋರಿಸು ಎಂದಿತು. ನಾನು ಹುರುಪಿನಲ್ಲಿ ಫೋನು ಕೆಳಗೆ ತಿರುಗಿಸಿದೆ. ನೀರು, ಗುಳ್ಳೆ, ಅದರೊಳಗೆ ಸುಧಾಳ ಕಾಲು. ಬೆಳಿಗ್ಗೆ ತಿಕ್ಕಿದ್ದೆಲ್ಲ ಹೋಗಿ ಕಾಲುಂಗುರ ಮತ್ತೆ ಕಪ್ಪಾಗಿದ್ದವು.

ಹಣೆ ಫೋನಿನ ಇನ್ನೂ ಹತ್ತಿರ ಬಂತು. ಆಮೇಲೆ ಅವು ಯಾಕೆ ಕಪ್ಪಾದವು ಎಂದು ಕೇಳಿದಳು. ಗಂಧಕದ ವಿಷಯ ಹೇಳಿದೆ. ಪಕ್ಕದಲ್ಲಿ ಸುಧಾ ನಕ್ಕು, ಅಕ್ಕಾರ, ಪಾಠದಾಗ ಐತ್ರಿ ಎಂದಳು. ಅಕ್ಕನ ದನಿ ಏರಿತು.

“ನನಗ ಗಂಧಕ ಹೇಳಬ್ಯಾಡ ರುದ್ರಾ. ಮನಿ ಹಿಡಕೊಂಡು ಕುಂದರಲಾರದಾಕಿ ಕಾಲಾಗ ಬೆಳ್ಳಿ ಹಿಂಗ ಆಗತೈತಿ. ಬಂದ ಕೂಡಲೇ ನೌಕರಿ ಬಿಡಿಸು. ಈಗ ಮಾತು ಕೊಡು ನನಗ.”

ನಾಲಿಗೆಯ ತುದಿಗೆ ಹಳೆಯ ‘ನೋಡೂಣು’ ಎಂಬ ಮಾತೇ ಬಂತು. ಅದನ್ನು ನುಂಗಿಕೊಂಡೆ.

“ಅಕ್ಕಾ, ಆಕಿ ನೌಕರಿ ಬಿಡೂದಿಲ್ಲ.”

“ಹಂಗಂತ ಆಕಿ ಹೇಳಿಕೊಟ್ಲೇನು?”

“ಇಲ್ಲ. ನಾ ಹೇಳಾಕತ್ತೇನಿ. ಆಕಿ ಸಾಲಿಗೆ ಹೋಗೂದು ನನಗ ಬೇಕಾಗೇತಿ.”

ಹಣೆ ಮಾಯವಾಯಿತು. ಅಕ್ಕ ಫೋನು ಇಟ್ಟಿದ್ದಳು. ಹುಟ್ಟಿದಾಗಿನಿಂದ ನಾನು ಅವಳಿಗೆ ಇಲ್ಲ ಎಂದದ್ದಿಲ್ಲ.  ಸುಧಾ ಫೋನು ನನ್ನ ಕೈಯಿಂದ ತೆಗೆದುಕೊಂಡಳು, ನೀರಿಗೆ ಬಿದ್ದೀತು ಎಂದು.

ಟ್ರೇನಿಂಗಿನಲ್ಲಿ ಪಾಸಾದಿರಿ ಎಂದು ಅವಳು ತಮಾಷೆ ಮಾಡಿದಳು. ನನಗೆ ನಗು ಬರಲಿಲ್ಲ. ಆಗ ಅವಳಿಗೆ ಅಕ್ಕನ ಕಥೆ ಹೇಳಿದೆ. ಗಂಡ ಇಲ್ಲವೆಂಬುದಷ್ಟೇ ಅವಳಿಗೆ ಗೊತ್ತಿತ್ತು. ಅಕ್ಕನಿಗೆ ಇಪ್ಪತ್ತು ತುಂಬಿರಲಿಲ್ಲ, ಮದುವೆಯಾಗಿ ವರ್ಷವಾಗಿರಲಿಲ್ಲ, ಹೊಲದಲ್ಲಿ ಹಾವು ಕಡಿದು ಅವಳ ಗಂಡ ತೀರಿಹೋದರು. ಹಿರಿಯ ಹೆಂಗಸರು ಅಕ್ಕನನ್ನು ಪಡಸಾಲೆಯಲ್ಲಿ ಕೂಡಿಸಿ ಕಾಲುಂಗುರ ಬಿಚ್ಚಿದರು. ಬೆರಳು ಬಾತಿದ್ದರಿಂದ ಬರಲಿಲ್ಲ, ಎಣ್ಣೆ ಹಚ್ಚಿ ಎಳೆದರು. ನಾನು ಸಣ್ಣವನು, ಕಂಬದ ಪಕ್ಕ ಆಡುತ್ತಿದ್ದೆ. ಅಕ್ಕ ಆಗ ಅಳಲಿಲ್ಲ. ಸುಮ್ಮನೆ ಕಾಲು ಕೊಟ್ಟಳು. ಆಮೇಲೆ ಎಂದೂ ಯಾರ ಮದುವೆಯಲ್ಲೂ ಚಪ್ಪರದ ಒಳಗೆ ಬಂದವಳಲ್ಲ. ನಮ್ಮ ಮದುವೆಯಲ್ಲೂ ಅಡುಗೆಯವರ ಹತ್ತಿರ ನಿಂತಿದ್ದಳು.

ಸುಧಾ ಕಾಲು ನೀರಿನಿಂದ ತೆಗೆದಳು.

“ನಾ ನಕ್ಕಿದ್ದು ಅವರಿಗೆ ಕೇಳಿರಬೇಕು,” ಎಂದಳು.

ಹೊತ್ತು ಇಳಿಯುವವರೆಗೆ ಇಬ್ಬರೂ ಹೊಳೆಯ ದಂಡೆಯಲ್ಲಿ ನಡೆದೆವು. ಬುಗ್ಗೆಗಳ ಮಾತು ಅವಳು ಎತ್ತಲಿಲ್ಲ, ನಾನೇ ಕೇಳಿದೆ, ಅವು ಹೀಗೆ ಸಾಲಾಗಿ ಒಂದೇ ಗೆರೆಯಲ್ಲಿ ಇವೆಯಲ್ಲ, ಯಾಕೆ ಎಂದು. ಕೆಳಗೆ ಬಿರುಕು ಹಾಗೆ ಹೋಗಿರಬೇಕು ಎಂದಳು. ಬಳಿಕ ನನ್ನ ತೋಳು ಹಿಡಿದಳು. ಕಲ್ಲುಗಳಿದ್ದವು, ಜಾರುತ್ತಿತ್ತು, ಅದಕ್ಕಿರಬಹುದು.

ಡಿಸೆಂಬರ್ ೨೭, ಶನಿವಾರ, ರೈಲಿನಲ್ಲಿ

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಸುಧಾ ಲಾಡ್ಜಿನ ಮೊಗಸಾಲೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ಅಕ್ಕನ ಜೊತೆ. ಗಂಧಕದ ಹೆಸರು ಎತ್ತಲಿಲ್ಲ, ನೌಕರಿಯ ಹೆಸರೂ ಇಲ್ಲ. ಇವು ಹಾಳಾದವು ಅಕ್ಕಾರ, ನನಗೆ ಹೊಸವು ಬೇಕು, ನೀವೇ ಆರಿಸಿ ತರ್ರಿ, ನಿಮ್ಮ ತಮ್ಮನಿಗೆ ಬೆಳ್ಳಿಯೂ ಗೊತ್ತಿಲ್ಲ ಬೆರಳೂ ಗೊತ್ತಿಲ್ಲ ಎಂದಳು.  ಆಮೇಲೆ ಅಕ್ಕ ಬೆರಳಿನ ಅಳತೆ ಕೇಳಿರಬೇಕು. ಸುಧಾ ಒಂದು ದಾರ ತೆಗೆದು ಸುತ್ತಿ ನೋಡಿದಳು.

ನಿನ್ನ ಬೆರಳು ನನಗೆ ಚೆನ್ನಾಗಿ ಗೊತ್ತು, ನಿನ್ನೆ ಅರ್ಧ ತಾಸು ತಿಕ್ಕಿದ್ದೇನೆ ಎಂದೆ. ನಿಮ್ಮಕ್ಕನಿಗೆ ಅದನ್ನೂ ಹೇಳಿದ್ದೇನೆ ಎಂದಳು. ಹಿರೇಕೆರೂರಿನಲ್ಲಿ ಇನ್ನು ನನ್ನ ಮರ್ಯಾದೆಯ ಗತಿ ಏನು?

ಕಿಟಕಿಯ ಪಕ್ಕದ ಸೀಟು ಒಂದೇ ಸಿಕ್ಕಿದೆ. ಸರದಿಯ ಮೇಲೆ ಕೂಡುತ್ತಿದ್ದೇವೆ. ಅವಳ ಸರದಿ ಬಹಳ ಉದ್ದವಿದೆ.

ಡಿಸೆಂಬರ್ ೨೮, ರವಿವಾರ, ಹಿರೇಕೆರೂರು

ಮನೆಗೆ ಬಂದಾಗ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ತಾಟಿನಲ್ಲಿ ನನಗೆ ಮಾತ್ರ ನಿನ್ನೆಯ ರೊಟ್ಟಿ ಇತ್ತು. ಸುಧಾಳಿಗೆ ಬಿಸಿ ರೊಟ್ಟಿ.

ಊಟವಾದ ಮೇಲೆ ಅಕ್ಕ ಬಾಜೂ ಮನೆಯ ಸಿದ್ದವ್ವನನ್ನು ಕರೆದಳು. ಸಿದ್ದವ್ವ ಮೊಮ್ಮಕ್ಕಳು ಕಂಡ ಮುತ್ತೈದೆ. ಅಕ್ಕ ಪೆಟ್ಟಿಗೆಯಿಂದ ಕೆಂಪು ಕಾಗದದ ಪೊಟ್ಟಣ ತೆಗೆದು ಅವಳ ಕೈಗೆ ಕೊಟ್ಟು, ಹುಡುಗಿಗೆ ಹಾಕು ಎಂದು ಹೇಳಿ, ತಾನು ಅಡುಗೆಮನೆಯ ಬಾಗಿಲಿಗೆ ಸರಿದು ನಿಂತಳು. ಒಳ್ಳೆಯ ದಪ್ಪ ಕಾಲುಂಗುರ. ಪತ್ತಾರನ ಅಂಗಡಿಯಲ್ಲಿ ಬಹಳ ಹೊತ್ತು ಕೂತು ಆರಿಸಿದ್ದಾಳೆಂದು ಸಿದ್ದವ್ವನೇ ಹೇಳಿದಳು.

ಸುಧಾ ಪಡಸಾಲೆಯಲ್ಲಿ ಕೂತಳು. ಸಿದ್ದವ್ವ ಬಗ್ಗುವಷ್ಟರಲ್ಲಿ ಕಾಲು ಮಡಚಿಕೊಂಡಳು.

“ಅಕ್ಕಾರ, ನೀವ ಹಾಕ್ರಿ.”

ನಾ ಹಾಕಬಾರದು ಎಂದು ಅಕ್ಕ ಅಲ್ಲಿಂದಲೇ ಹೇಳಿದಳು. ಸಿದ್ದವ್ವ ನನ್ನ ಮುಖ ನೋಡಿದಳು. ನಾನು ಎದ್ದು ಹೋಗಿ ಅಕ್ಕನ ಕೈ ಹಿಡಿದು ಕರೆತಂದೆ. ಅವಳು ಬರುವುದಿಲ್ಲ ಎನ್ನುತ್ತಲೇ ಬಂದಳು. ಸುಧಾ ಹೇಳಿದಳು:

“ಆರಿಸಿದವರು ನೀವು. ನೀವು ಹಾಕದಿದ್ರ ನಾ ಹಂಗ ಬರಿಗಾಲಿಲೇ ಇರತೇನಿ.”

ಅಕ್ಕ ಕೂತಳು. ಕೂತವಳು ಬಹಳ ಹೊತ್ತು ಆ ಕಾಲನ್ನೇ ನೋಡಿದಳು. ಕಪ್ಪಾದ ಜೋಡಿಯನ್ನು ಮೆಲ್ಲಗೆ, ಎಳೆಯದೆ, ತಿರುಗಿಸಿ ತಿರುಗಿಸಿ ತೆಗೆದಳು. ನೋಯುತ್ತದೆಯೇ ಎಂದು ಎರಡು ಸಲ ಕೇಳಿದಳು. ಆಮೇಲೆ ಹೊಸವನ್ನು ಹಾಕಿದಳು. ಸಿದ್ದವ್ವ ಕಣ್ಣಿಗೆ ಸೆರಗು ಹಚ್ಚಿದ್ದಳು. ಅಕ್ಕನ ಕಣ್ಣು ಒಣಗಿತ್ತು, ಕೈ ಮಾತ್ರ ಕೆಲಸ ಮುಗಿದರೂ ಆ ಪಾದ ಬಿಟ್ಟಿರಲಿಲ್ಲ.

ಸ್ವಲ್ಪ ಬಿಗಿ ಆದವು ಎಂದು ಸುಧಾ ಹೇಳಿದಳು.

“ಬಿಗೀನ ಇರಲಿ,” ಅಕ್ಕ ಮಂಡಿಗೆ ಕೈ ಊರಿ ಎದ್ದಳು. “ದಿನಾ ರಟ್ಟೀಹಳ್ಳಿ ಬಸ್ಸು ಹತ್ತಾಕಿ. ಆ ಗದ್ದಲದಾಗ ಉದುರಬಾರದು.”